ರೊಟ್ಟಿ ಹೆಚ್ಚಾಗ್ಯಾವ್ರಿ

"ರೊಟ್ಟಿ ಹೆಚ್ಚಾಗ್ಯಾವ್ರಿ, ಮೇಡಂ."

ಅವನು ಹೇಳಿದ್ದು ಇಷ್ಟೇ.

ನೇತ್ರಾ ತಲೆಯೆತ್ತಿ ನೋಡಿದಳು. ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು, ಕಂಕುಳಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಮುಖದಲ್ಲಿ ಮಾತ್ರ ಏನೋ ತಪ್ಪು ಮಾಡಿದವನ ಸಂಕೋಚ.

'ಹೆಚ್ಚಾಗಿರುವುದಕ್ಕೆ ಇಷ್ಟೊಂದು ಸಂಕೋಚ ಯಾಕಪ್ಪಾ?' ಎಂದುಕೊಂಡಳು. ತಟ್ಟೆಯನ್ನು ಮುಂದೆ ಚಾಚಿದಳು.

"ಹೌದಾ? ಹಾಗಾದ್ರೆ ಇನ್ನೆರಡು ಹಾಕಿ!"

ಸಾಲಿನಲ್ಲಿ ಕುಳಿತಿದ್ದ ಅಷ್ಟೂ ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. ಹುಡುಗರ ಕಡೆಯಿಂದ ಯಾರೋ ಫಕ್ಕನೆ ನಕ್ಕರು. ಪಕ್ಕದವನೂ ನಕ್ಕ. ನಗು ಸಾರಿನ ಬಕೀಟಿನ ಹಾಗೆ ಈ ತುದಿಯಿಂದ ಆ ತುದಿಗೆ ಸಾಗಿತು.

"ಲೇ ಜುಬೇರ!" ಎಂದ ಅವನು, ಹಿಂದಕ್ಕೆ ತಿರುಗದೆಯೇ.

ನಗು ನಿಂತಿತು.

"ನಿಂದರ್ರಿ ಮೇಡಂ, ತರ್ತೇನಿ," ಎಂದು ಅಡುಗೆಮನೆಗೆ ಹೋದ.

ಇದನ್ನು ಓದುತ್ತಿರುವ ಬಾಗಲಕೋಟೆ ಕಡೆಯವರು ಈಗಾಗಲೇ ನಕ್ಕಾಗಿರುತ್ತದೆ. ಉಳಿದವರಿಗಾಗಿ ಒಂದು ಮಾತು ಹೇಳಲೇಬೇಕು. ಇಲ್ಲಿ ಅನ್ನದ ಮನೆಯಲ್ಲಿ 'ಇಲ್ಲ' ಎನ್ನುವಂತಿಲ್ಲ, 'ಮುಗಿಯಿತು' ಎನ್ನುವಂತಿಲ್ಲ. ಅಂದರೆ ನಿಜವಾಗಿಯೂ ಇಲ್ಲವಾಗಿಬಿಡುತ್ತದೆ ಎಂಬ ಭಯ. ಆದ್ದರಿಂದ ಹಿಟ್ಟು ತೀರಿದರೆ ಹಿಟ್ಟು ಹೆಚ್ಚಾಯಿತು. ಉಪ್ಪು ತೀರಿದರೆ ಉಪ್ಪು ಹೆಚ್ಚಾಯಿತು. ಕೈಯ ಬಳೆ ಒಡೆದರೂ ಅಷ್ಟೇ, ಬಳೆ ಹೆಚ್ಚಾದವು. ಏನೂ ಉಳಿಯದ ಹೊತ್ತಿನಲ್ಲಿ ಈ ಸೀಮೆಯಷ್ಟು ಸಮೃದ್ಧವಾದ ಸೀಮೆ ಇನ್ನೊಂದಿಲ್ಲ!

ನೇತ್ರಾಳಿಗೆ ಇದು ಗೊತ್ತಿರಲಿಲ್ಲ. ಅವಳು ಕೊಳ್ಳೇಗಾಲದವಳು. ಆವತ್ತು ಬೆಳಿಗ್ಗೆಯಷ್ಟೇ ಬಸ್ಸಿಳಿದ ಹೊಸ ಉಪನ್ಯಾಸಕಿ. ಕಲಿಸುವುದು ರಸಾಯನಶಾಸ್ತ್ರ. ಅವಳ ಶಾಸ್ತ್ರದಲ್ಲಿ ಹೆಚ್ಚು ಎಂದರೆ ಹೆಚ್ಚು, ಕಡಿಮೆ ಎಂದರೆ ಕಡಿಮೆ.

ಕಾಲೇಜಿನ ಊಟದ ಮನೆಯ ಬಾಗಿಲ ಮೇಲೆ 'ಪ್ರಸಾದ ನಿಲಯ' ಎಂದು ಬರೆದಿತ್ತು. ಗುಡಿಯಿರಬೇಕೆಂದು ಅವಳು ಚಪ್ಪಲಿ ಬಿಟ್ಟಳು. ಬಿಟ್ಟದ್ದು ಸರಿಯಾಗಿಯೇ ಇತ್ತು, ಕಾರಣ ಮಾತ್ರ ತಪ್ಪು.

ಒಳಗೆ ಉದ್ದನೆಯ ಕಲ್ಲಿನ ಪಡಸಾಲೆ. ಗೋಡೆಯ ಮೇಲೆ ಬಸವಣ್ಣನವರ ಪಟ, ಕೆಳಗೆ ಸಾಲು ಸಾಲು ಕಟ್ಟೆ. ಮೊದಲು ಕೇಳಿಸಿದ್ದು ಒಂದು ಸದ್ದು. ಕಟಕ್... ಕಟಕ್... 'ಯಾರು ಹೆಂಚು ಒಡೆಯುತ್ತಿದ್ದಾರೆ?' ಒಡೆಯುತ್ತಿದ್ದುದು ಖಡಕ್ ರೊಟ್ಟಿ. ಆಮೇಲೆ ಧಡ್ ಎಂದು ಒಂದು ಗುದ್ದು! ಹೊಡೆದಾಟ ಶುರುವಾಯಿತೆಂದು ಅವಳು ಬೆಚ್ಚಿದಳು. ಹುಡುಗನೊಬ್ಬ ಮುಷ್ಟಿಯಿಂದ ಉಳ್ಳಾಗಡ್ಡಿ ಜಜ್ಜಿದ್ದ.

"ಬೆಣ್ಣಿ ಏನ ನಿಮ್ಮಪ್ಪನ ಮನೀದೇನಲೇ? ಇತ್ತ ತಾ!" ಎಂದೊಬ್ಬ ಗದರಿದ. ಗದರಿಸಿಕೊಂಡವನು ನಕ್ಕು, ತನ್ನ ತಟ್ಟೆಯ ಬೆಣ್ಣೆಯನ್ನೂ ಅವನಿಗೇ ಹಾಕಿದ. ಇಲ್ಲಿ ಬೈಗುಳಕ್ಕೂ ಪ್ರೀತಿಗೂ ಒಂದೇ ರಾಗ ಎಂದು ಅವಳಿಗೆ ತಿಳಿಯುವುದು ಇನ್ನೂ ದೂರವಿತ್ತು.

ತಟ್ಟೆಯ ಅಂಚಿನಲ್ಲಿ ಕಪ್ಪು ಪುಡಿ. ಇದ್ದಿಲಿನ ಪುಡಿಯೇ? ನಾಲಿಗೆಗೆ ತಾಗಿಸಿದಳು. ಗುರೆಳ್ಳಿನ ಚಟ್ನಿ! ಕಣ್ಣಲ್ಲಿ ನೀರು ಬಂತು.

ಖಾರಕ್ಕೇ ಬಂತೆಂದು ಅಂದುಕೊಂಡಳು. ಪೂರ್ತಿ ನಿಜವಲ್ಲ.

ತಾಯಿ ಹೋದ ಮೇಲೆ ಅವಳು ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿ ಚಿಕ್ಕಮ್ಮ ಮುದ್ದೆ ಕಟ್ಟುತ್ತಲೇ, "ಇನ್ನಿಲ್ಲ ಕಣೇ," ಎನ್ನುತ್ತಿದ್ದಳು. ಕೇಳುವ ಮೊದಲೇ! ಪಾತ್ರೆಯಲ್ಲಿ ಇರುತ್ತಿತ್ತು. ಆದರೂ ಇಲ್ಲ. ಇನ್ನೊಂದು ಬೇಕು ಎಂದು ಕೇಳುವುದು ಹೇಗೆಂಬುದನ್ನೇ ಅವಳು ಮರೆತುಬಿಟ್ಟಿದ್ದಳು.

ಇಲ್ಲಿ ಯಾರೋ ಅಪರಿಚಿತ ತಾನಾಗಿ ಬಂದು ಹೆಚ್ಚಾಗಿದೆ ಎನ್ನುತ್ತಿದ್ದಾನೆ! ಅವಳ ಕೈ ಅವಳನ್ನು ಕೇಳದೆಯೇ ಮುಂದೆ ಹೋಗಿತ್ತು.

ಅವನು ಮರಳಿ ಬಂದು ಎರಡು ರೊಟ್ಟಿ ಹಾಕಿದ. ಅವಳು ಎರಡನ್ನೂ ತಿಂದಳು. ಹುಡುಗರು ನಕ್ಕದ್ದು ತನ್ನ ಹಸಿವಿಗೆ ಎಂದುಕೊಂಡಳು. 'ನಗಲಿ ಬಿಡು... ಹೊಟ್ಟೆ ತುಂಬಿತಲ್ಲ!'

ಅಡುಗೆಮನೆಯಲ್ಲಿ ಏನಾಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ.

"ಆ ಎರಡು ನಿನ್ನ ಪಾಲಿನ್ವು ಅಲ್ಲೇನೋ ಅಂದಪ್ಪಾ?" ಎಂದು ರೊಟ್ಟಿ ಬಡಿಯುವ ಪದ್ಮವ್ವ ಕೇಳಿದ್ದಳು. ಆ ಊಟದ ಮನೆಯಲ್ಲಿ ಮೇಷ್ಟರು, ಹುಡುಗರು ಎಲ್ಲರೂ ಸರದಿಯ ಮೇಲೆ ನೀಡುತ್ತಾರೆ. ನೀಡಿದವರು ಕಡೆಗೆ ಉಣ್ಣಬೇಕು, ಉಳಿದದ್ದನ್ನು.

"ಇರ್ಲಿ ಬಿಡಬೇ."

"ಹೆಚ್ಚಾಗ್ಯಾವ ಅಂತ ಹೇಳಬೇಕಿಲ್ಲೋ?"

"ಹೇಳಿದೆ."

"ಮತ್ತ?"

"ಹಂಗಾದ್ರ ಇನ್ನೆರಡು ಹಾಕಿ ಅಂದ್ರು."

ಪದ್ಮವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. "ಭಾಳ ಶಾಣ್ಯಾ ಅದಾಳೋ! ಬಂದ ದಿನಾನ ನಿನ್ನ ಚಾಷ್ಟಿ ಮಾಡಿದ್ಲು ನೋಡು!"

ಚೇಷ್ಟೆ ಮಾಡುವವರ ಕಣ್ಣು ಹಾಗಿರುವುದಿಲ್ಲ ಎಂದು ಅಂದಪ್ಪನಿಗೆ ಗೊತ್ತಿತ್ತು. ಒಂದು ಲೋಟ ಮಜ್ಜಿಗೆ ಕುಡಿದು ಎದ್ದ.

ಕಥೆಯ ನಾಯಕನಿಗೆ ಅಂದಪ್ಪ ಎಂಬ ಹೆಸರೇ ಎಂದು ಮೂಗು ಮುರಿಯಬೇಡಿ. ಅದು ಅವನ ಅಜ್ಜನ ಹೆಸರು, ಅವನನ್ನು ಕೇಳಿ ಇಟ್ಟದ್ದಲ್ಲ. ಅವನೂ ಅಲ್ಲಿಯ ಮೇಷ್ಟರೇ, ಕಲಿಸುವುದು ಭೂಗೋಳ. ಮಾತು ಕಡಿಮೆ.

ಆ ಕಡಿಮೆ ಮಾತಿನಲ್ಲೇ ಅವನು ಹುಡುಗರಿಗೆಲ್ಲ ಒಂದು ಅಪ್ಪಣೆ ಮಾಡಿದ. "ಆ ಮೇಡಂ ಮುಂದ ಯಾರೂ ಆ ಮಾತು ಆಡಬ್ಯಾಡ್ರಿ."

"ಯಾಕ್ರಿ ಸರ್?" ಎಂದ ಜುಬೇರ.

"ನಾ ಹೇಳ್ತೇನಿ, ಅದಕ್ಕ."

"ತಿಳೀತ್ರಿ ಸರ್," ಎಂದ ಜುಬೇರ, ಸ್ವಲ್ಪ ಹೆಚ್ಚೇ ತಿಳಿದವನ ಹಾಗೆ. ಆದರೆ ಮಾತು ಪಾಲಿಸಿದರು. ನೇತ್ರಾಳ ತಟ್ಟೆಯಲ್ಲಿ ಎಂದೂ ರೊಟ್ಟಿ ತೀರಲಿಲ್ಲ. ಎಲ್ಲರ ತಟ್ಟೆ ಖಾಲಿಯಾದರೂ ಎಲ್ಲಿಂದಲೋ ಎರಡು ಬರುತ್ತಿದ್ದವು. ಈ ಊರಿನಲ್ಲಿ ಯಾವಾಗಲೂ ಹೆಚ್ಚಾಗಿಯೇ ಇರುತ್ತದೆ ಎಂದು ಅವಳು ನಂಬಿದಳು.

ಪ್ರೀತಿಗೆ ಇಷ್ಟು ಸಣ್ಣ ಸುಳ್ಳು ಸಾಕಾಗುತ್ತದೆ. ಅದಕ್ಕೆ ತೆರಬೇಕಾದ್ದು ಮಾತ್ರ ಸಣ್ಣದಿರುವುದಿಲ್ಲ.

ಊಟವಾದ ಮೇಲೆ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಇಬ್ಬರೂ ಸಿಗತೊಡಗಿದರು.

"ನಿಮ್ಮ ಊರಾಗ ಏನ ಉಣ್ತೀರ್ರಿ?"

"ರಾಗಿ ಮುದ್ದೆ."

"ಅಗದು ತಿಂತೀರಿ?"

"ಅಯ್ಯೋ, ಇಲ್ಲಪ್ಪ. ನುಂಗೋದು."

"ಅಗೀದನ?" ಅವನು ನಿಜವಾಗಿಯೂ ನೊಂದುಕೊಂಡ. "ಮತ್ತ ಹಲ್ಲು ಯಾತಕ್ಕ ಕೊಟ್ಟಾನ್ರಿ ದೇವರು?"

ಅವಳು ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೆಂದು ಆಮೇಲೆ ಯೋಚಿಸಿ ಹೆದರಿದಳು. 'ಬೇಡ ನೇತ್ರಾ... ಇಷ್ಟು ಬೇಗ ಏನನ್ನೂ ನಂಬಬೇಡ!'

ದೀಪಾವಳಿ ರಜೆ ಬಂತು. ಹೋಗುವ ಹಿಂದಿನ ದಿನ ಅವನು ನಲ್ಲಿಯ ಹತ್ತಿರ ನಿಂತೇ ಇದ್ದ. ತಟ್ಟೆ ಎಂದೋ ತೊಳೆದಾಗಿತ್ತು.

"ಹಬ್ಬಕ್ಕ ಗುಳೇದಗುಡ್ಡಕ್ಕ ಹೊಂಟೇನ್ರಿ. ಅಕ್ಕನ ಮನಿಗೆ. ನನಗ ಆಕಿನ ತಾಯಿ ಇದ್ದಂಗ. ಆಕಿ ಜೋಡಿ ಒಂದ ಮಾತು ಆಡೋದೈತಿ. ಬಂದ ಮ್ಯಾಲೆ..." ಅವನು ಒಣಗಿದ ತಟ್ಟೆಯನ್ನು ಮತ್ತೆ ತೊಳೆದ. "ಬಂದ ಮ್ಯಾಲೆ ನಿಮ್ಮ ಜೋಡೀನೂ."

"ಏನು ಮಾತು?"

"ಬಂದ ಮ್ಯಾಲೆರಿ."

ಅವಳು ಕೊಳ್ಳೇಗಾಲಕ್ಕೆ ಹೋಗಲಿಲ್ಲ. ಅಲ್ಲಿಂದ ಬಾ ಎಂದವರೂ ಇರಲಿಲ್ಲ. ಖಾಲಿ ಹಾಸ್ಟೆಲಿನಲ್ಲಿ, ಊರೆಲ್ಲ ಪಟಾಕಿ ಹೊಡೆಯುವಾಗ, ಆ ಒಂದು 'ಬಂದ ಮ್ಯಾಲೆ'ಯನ್ನು ಎದುರಿಗಿಟ್ಟುಕೊಂಡು ಕುಳಿತಳು. ಆ ಬೆಳಕು ಅವಳಿಗೆ ಸಾಕಾಗಿತ್ತು.

ಹಬ್ಬ ಕಳೆಯಿತು. ಅವನು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಸ್ಟಾಫ್ ರೂಮಿಗೆ ಬೀಗ. ಕೇಳಲು ಪದ್ಮವ್ವನೊಬ್ಬಳೇ ಇದ್ದಳು.

"ಪದ್ಮವ್ವ, ಅಂದಪ್ಪ ಸರ್ ಇನ್ನೂ ಯಾಕೆ ಬಂದಿಲ್ಲ?"

ರೊಟ್ಟಿ ಬಡಿಯುವ ಕೈ ನಿಂತಿತು.

"ನಿನಗ ಯಾರೂ ಹೇಳಿಲ್ಲೇನ ತಂಗಿ..." ಪದ್ಮವ್ವ ಒಲೆಯ ಕಡೆ ಮುಖ ತಿರುಗಿಸಿದಳು. "ಅವರ ಮನ್ಯಾಗ ಬಳಿ ಹೆಚ್ಚಾದ್ವು ಯವ್ವಾ."

ಪದ್ಮವ್ವ ಜನ್ಮದಲ್ಲಿ ಕೆಟ್ಟ ಮಾತನ್ನು ಬಾಯಿಗೆ ತಂದವಳಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯಲ್ಲಿ ಹೊಗೆಯೂ ಇತ್ತು. ನೇತ್ರಾಳಿಗೆ ಹೊಗೆಯಷ್ಟೇ ಕಂಡಿತು.

'ಬಳೆ ಹೆಚ್ಚಾಗಿವೆ... ಮನೆಯಲ್ಲಿ ಬಳೆ ಹೆಚ್ಚಾಗುವುದು ಯಾವಾಗ? ಮದುವೆಗೆ!'

"ಮತ್ತೆ... ಯಾವಾಗ ಬರ್ತಾರೆ?"

"ಕಾರ್ಯ ಮಾಡಿ ಬರ್ತಾನ."

ಕಾರ್ಯ! ಹೌದಲ್ಲ. ಅಕ್ಕನ ಜೊತೆ ಆಡಬೇಕಾದ ಮಾತು ಅದೇ ಆಗಿತ್ತು. ಬಂದ ಮೇಲೆ ಅವಳಿಗೂ ಹೇಳುವವನಿದ್ದ, ಒಂದು ಲಗ್ನಪತ್ರಿಕೆ ಕೈಯಲ್ಲಿಟ್ಟು.

ನೇತ್ರಾಳ ಮುಖ ಬಿಳಿಚಿಕೊಂಡಿತು. 'ಪಾಪ, ಎಷ್ಟು ನೊಂದುಕೊಂಡ್ಲು ಹುಡುಗಿ,' ಎಂದುಕೊಂಡಳು ಪದ್ಮವ್ವ. ಒಬ್ಬರ ದುಃಖ ಇನ್ನೊಬ್ಬರಿಗೆ ಅರ್ಥವಾಯಿತೆಂದು ಇಬ್ಬರೂ ನಂಬಿ, ಇಬ್ಬರೂ ತಪ್ಪಾಗಿ, ಅಕ್ಕಪಕ್ಕದಲ್ಲಿ ಕುಳಿತಿದ್ದರು.

ಕಾಲೇಜು ತೆರೆದ ದಿನ ಮಧ್ಯಾಹ್ನ ಅವನು ಬುಟ್ಟಿ ಹಿಡಿದು ಊಟದ ಮನೆಗೆ ಬಂದ. ಸರದಿ ಅವನದಿತ್ತು. ಗಡ್ಡ ಬೆಳೆದಿತ್ತು. ಮದುಮಗನಿಗೆ ಗಡ್ಡ ಯಾಕೆ ಎಂದು ಅವಳಿಗೆ ಹೊಳೆಯಬೇಕಿತ್ತು. ನೊಂದವರಿಗೆ ತಮ್ಮ ಗಾಯದ ಆಚೆ ಏನೂ ಕಾಣುವುದಿಲ್ಲ.

'ಅಳಬಾರದು. ಇವನ ಮುಂದೆ ಅಳಲೇಬಾರದು. ಅಳು ಬರುವ ಮೊದಲು ನಕ್ಕುಬಿಡಬೇಕು!'

ಅವನು ಅವಳ ಎದುರಿಗೆ ಬಂದು ನಿಂತ. ಕಣ್ಣುಗಳಲ್ಲಿ ಏನೋ ಹೇಳುವುದಿತ್ತು.

"ಏನು ಸರ್!" ಅವಳು ಇಡೀ ಪಡಸಾಲೆಗೆ ಕೇಳುವಂತೆ ನಕ್ಕಳು. "ಸಿಹಿ ಎಲ್ಲಿ? ನಿಮ್ಮ ಮನೇಲಿ ಬಳೆ ಹೆಚ್ಚಾಗಿವೆಯಂತೆ... ಅಭಿನಂದನೆಗಳು!"

ಈ ಸಲ ಯಾರೂ ನಗಲಿಲ್ಲ.

ಜುಬೇರನ ಕೈಯ ಸಾರಿನ ಸೌಟು ಗಾಳಿಯಲ್ಲೇ ನಿಂತಿತು. ಒಂದು ರೊಟ್ಟಿಯೂ ಮುರಿಯಲಿಲ್ಲ.

ಅಂದಪ್ಪ ಅವಳನ್ನೇ ನೋಡಿದ. ಸಿಟ್ಟಿರಲಿಲ್ಲ. ಯಾರೋ ಬಾಗಿಲು ಹಾಕಿದ ಹಾಗೆ ಆ ಮುಖ ಮುಚ್ಚಿಕೊಂಡಿತು. ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಅವಳ ತಟ್ಟೆಗೆ ಹಾಕಿದ. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟ. ಹೊರಗೆ ಹೋದ.

"ಏ ತಾಯೀ! ಏನಂದಿ ನೀ!" ಪದ್ಮವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಯಾಕೆ? ನೀವೇ ಹೇಳಿದ್ರಲ್ಲ... ಬಳೆ ಹೆಚ್ಚಾಗಿವೆ ಅಂತ... ಅವರ ಮದುವೆ..."

"ಮದಿವಿ?" ಪದ್ಮವ್ವನ ಬಾಯಿ ತೆರೆದೇ ಉಳಿಯಿತು. ಜೀವಮಾನದಲ್ಲಿ ಆಡದ ಮಾತನ್ನು ಆಕೆ ಆವತ್ತು ಆಡಬೇಕಾಯಿತು. "ಅವರಕ್ಕನ ಗಂಡ ಸತ್ತಾನ, ಹುಚ್ಚಿ! ಲಾರಿ ಬಡದು ಸತ್ತಾನ. ಆಕಿ ಕೈಯಾನ ಬಳಿ ಒಡದಾರ. ಹೆಚ್ಚಾದ್ವು ಅಂದ್ರ... ಇಲ್ಲಾದ್ವು ಅಂತ!"

ನೇತ್ರಾ ಕಟ್ಟೆಯನ್ನು ಹಿಡಿದುಕೊಂಡಳು.

"ಹೆಚ್ಚಾಯ್ತು ಅಂದ್ರೆ... ಇಲ್ಲ ಅಂತಾನಾ?"

"ಹೂಂ."

"ಹಾಗಾದ್ರೆ... ರೊಟ್ಟಿ?"

"ರೊಟ್ಟೀನೂ ಅಷ್ಟ."

"ನಾನು ಬಂದ ದಿನ ಹಾಕಿದ್ದು? ಆಮೇಲೆ... ದಿನಾ ಬರ್ತಿದ್ದಿದ್ದು?"

ಪದ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅವನ ಪಾಲಿನ್ವು ತಂಗಿ."

ಇಡೀ ಊಟದ ಮನೆ ಅವಳ ಸುತ್ತ ತಿರುಗಿ ಕುಳಿತ ಹಾಗಾಯಿತು. ಈ ಊರಲ್ಲಿ ಹೆಚ್ಚಾಗಿದ್ದದ್ದು ಏನೂ ಇರಲಿಲ್ಲ. ಒಬ್ಬ ಮನುಷ್ಯ ತನ್ನದನ್ನು ಕೊಡುತ್ತಿದ್ದ, ಅಷ್ಟೇ. ಅವನ ಮನೆಯ ಸಾವಿಗೆ ಅವಳು ಸಿಹಿ ಕೇಳಿದ್ದಳು!

ತಟ್ಟೆಯಲ್ಲಿ ಎರಡು ರೊಟ್ಟಿ ಹಾಗೇ ಇದ್ದವು.

ಅಂದಪ್ಪ ರಜೆ ಹಾಕಿ ಮತ್ತೆ ಗುಳೇದಗುಡ್ಡಕ್ಕೆ ಹೋದನೆಂದು ಸಂಜೆ ಗೊತ್ತಾಯಿತು. ಈ ಸಲ ಅವಳು ಫೋನ್ ಮಾಡಲಿಲ್ಲ. ಯಾವ ಬಾಯಿಂದ ಮಾಡುವುದು? ಮಾತು ಅವಳಿಗೆ ಈಗ ಗಾಜಿನ ಚೂರಿನಂತೆ ಕಾಣುತ್ತಿತ್ತು. ಎಲ್ಲಿ ಹಿಡಿದರೂ ಯಾರಿಗೋ ರಕ್ತ.

"ಹೋಗಿ ಬಾ," ಎಂದಳು ಪದ್ಮವ್ವ ಕಡೆಗೆ. "ಬರಿಗೈಲೆ ಹೋಗಬ್ಯಾಡ ಮತ್ತ. ಅಂಥಾ ಮನ್ಯಾಗ ಒಲಿ ಹಚ್ಚೂ ಮನಸ್ಸ ಇರೂದಿಲ್ಲ. ಬುತ್ತಿ ರೊಟ್ಟಿ ಕಟಗೊಂಡು ಹೋಗಬೇಕು. ನಾ ಬಡದು ಕೊಡ್ತೇನಿ."

"ಬೇಡ. ನಾನೇ ಮಾಡ್ತೀನಿ."

ರಸಾಯನಶಾಸ್ತ್ರದಲ್ಲಿ ಅವಳಿಗೆ ಚಿನ್ನದ ಪದಕವಿತ್ತು. ಜೋಳದ ಹಿಟ್ಟು ಪದಕ ನೋಡುವುದಿಲ್ಲ. ಬೆಳಗಿನಿಂದ ಬಡಿದ ರೊಟ್ಟಿಗಳಲ್ಲಿ ಒಂದೂ ದುಂಡಗೆ ಬರಲಿಲ್ಲ. ಅಂಚು ಒಡೆದು, ಮೂಲೆ ಚಾಚಿ, ಭೂಗೋಳದ ಮೇಷ್ಟರ ಗೋಡೆಗೆ ತೂಗುಹಾಕುವ ಹಾಗಿದ್ದವು.

ಕಮತಗಿಯಲ್ಲಿ ಬಸ್ಸು ಬದಲಿಸಿ ಅವಳು ಗುಳೇದಗುಡ್ಡ ಮುಟ್ಟಿದಾಗ ಮಧ್ಯಾಹ್ನ. ಓಣಿಯ ಮನೆಮನೆಯಿಂದ ಕುಪ್ಪಸದ ಖಣ ನೇಯುವ ಮಗ್ಗಗಳ ಸದ್ದು. ಬಾಗಿಲುಗಳಲ್ಲಿ ಹಬ್ಬದ ಆಕಾಶಬುಟ್ಟಿಗಳು ಇನ್ನೂ ತೂಗುತ್ತಿದ್ದವು. ಒಂದು ಮನೆಯ ಮುಂದೆ ಮಾತ್ರ ಬುಟ್ಟಿಯಿರಲಿಲ್ಲ. ಮಗ್ಗದ ಸದ್ದೂ ಇರಲಿಲ್ಲ.

ವಿಳಾಸ ಕೇಳುವ ಅಗತ್ಯ ಬೀಳಲಿಲ್ಲ.

ಒಳಗೆ ನಾಲ್ಕಾರು ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಮಗ್ಗದ ಮೇಲೆ ಅರ್ಧ ನೇಯ್ದ ಖಣ ಹಾಗೇ ಇತ್ತು. ಅದರ ಪಕ್ಕದಲ್ಲಿ ಕುಳಿತಿದ್ದ ಅಂದಪ್ಪ ಅವಳನ್ನು ಕಂಡು ಎದ್ದುನಿಂತ.

"ಅಕ್ಕಾ, ಇವರು ನಮ್ಮ ಕಾಲೇಜಿನ..."

"ತಿಳೀತ ಬಿಡು," ಎಂದಳು ಕಂಬದ ಬಳಿ ಕುಳಿತಿದ್ದ ಸುನಂದಾ. ಮೂವತ್ತು ದಾಟಿದ ಹೆಂಗಸು. ಆ ಕೆಲವೇ ದಿನಗಳಲ್ಲಿ ಇನ್ನೆಷ್ಟು ದಾಟಿದ್ದಳೋ! "ಬಾರವ್ವ. ಇನ್ನೆರಡು ಹಾಕಿ ಅಂದಾಕಿ ನೀನ ಅಲ್ಲೇನ?"

ನೇತ್ರಾ ಅಲ್ಲೇ ಅವಳ ಎದುರಿಗೆ ಕುಳಿತುಬಿಟ್ಟಳು.

"ಅಕ್ಕಾ... ಮೊನ್ನೆ ಅವರಿಗೆ ನಾನು... ಬಳೆ ಹೆಚ್ಚಾಗಿವೆಯಂತೆ ಅಂತ... ನನಗೆ ಗೊತ್ತಿರಲಿಲ್ಲ..."

ಸುನಂದಾ ಎರಡೂ ಕೈಗಳನ್ನು ಮುಂದೆ ಚಾಚಿದಳು. ಬೋಳು ಮಣಿಕಟ್ಟು. ಒಂದರ ಮೇಲೆ ಗಾಜು ತಾಗಿದ ಗೀರು ಇನ್ನೂ ಮಾಗಿರಲಿಲ್ಲ.

"ನೋಡು, ಎಷ್ಟ ಹೆಚ್ಚಾಗ್ಯಾವ."

ಆ ಮನೆಯ ಗೋಡೆಯ ಮೇಲೂ ಬಸವಣ್ಣನವರ ಪಟವಿತ್ತು. ದಿನಾ ವಚನ ಓದುವ ಮನೆ. ಆದರೂ ಬಳೆ ತೆಗೆಸಲು ಓಣಿಯ ಹೆಂಗಸರು ಹೊತ್ತಿಗೆ ಸರಿಯಾಗಿ ಬಂದಿದ್ದರು. ಇಂಥ ಕೆಲಸಕ್ಕೆ ಯಾರೂ ತಡಮಾಡುವುದಿಲ್ಲ.

ನೇತ್ರಾ ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಕ್ಷಮೆ ಕೇಳಲು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು.

"ಅಳಬ್ಯಾಡ," ಎಂದಳು ಸುನಂದಾ. "ಹಬ್ಬದ ದಿನ ಇವ ನಿನ್ನ ಸುದ್ದಿ ಹೇಳಿದ. ನಮ್ಮ ಮನಿಯವರು ನಕ್ಕ್ರು... ಮಗ್ಗ ನಿಲ್ಲಿಸಿ ನಕ್ಕ್ರು. 'ಆಕೀನ ಕರಕೊಂಡ ಬಾರಲೇ ಅಂದಪ್ಪಾ, ನಮ್ಮ ಮನ್ಯಾಗೂ ರೊಟ್ಟಿ ಹೆಚ್ಚಾಗ್ಯಾವ' ಅಂದ್ರು. ಮರದಿನ ಇಲಕಲ್ಲಿಗೆ ಖಣದ ಗಂಟ ಒಯ್ದವರು..."

ಮಾತು ಅಲ್ಲಿಗೇ ನಿಂತಿತು. ಅದರ ಮುಂದಿನದು ಎಲ್ಲರಿಗೂ ಗೊತ್ತಿತ್ತು.

"ಕಡೀಕ ಅವರು ಹೊಟ್ಟಿ ತುಂಬ ನಕ್ಕಿದ್ದು ನಿನ್ನ ಮಾತಿಗೆ ನೋಡು. ನಿನ್ನ ಮ್ಯಾಲೆ ಹ್ಯಾಂಗ ಸಿಟ್ಟಾಗ್ಲಿ, ಹೇಳು?"

ನೇತ್ರಾ ಅವಳ ಮಡಿಲಿನಲ್ಲಿ ಮುಖವಿಟ್ಟು ಅತ್ತಳು. ಹೋದವನಿಗಾಗಿಯೋ, ಇದ್ದವನಿಗಾಗಿಯೋ, ತನ್ನ ತಾಯಿಗಾಗಿಯೋ... ಸಾವಿನ ಮನೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ.

"ಉಂಡೀಯೇನ?" ಎಂದಳು ಸುನಂದಾ ಸ್ವಲ್ಪ ಹೊತ್ತಿನ ಮೇಲೆ.

"ಇಲ್ಲ. ನೀವು?"

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ನಿಟ್ಟುಸಿರು ಬಿಟ್ಟಳು. "ಎಲ್ಲೀದವ್ವ. ತುತ್ತು ಬಾಯಿಗಿಟ್ಟಿಲ್ಲ."

ನೇತ್ರಾ ಬುತ್ತಿಯ ಗಂಟು ಬಿಚ್ಚಿದಳು. ಸುನಂದಾ ಒಂದು ರೊಟ್ಟಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದನ್ನ ಯಾರ ಬಡದಾರ?"

"ನಾನು."

ಅಂದಪ್ಪ ಬಗ್ಗಿ ನೋಡಿದ. ಬಹಳ ದಿನಗಳ ಮೇಲೆ ಅವನ ಬಾಯಿಂದ ಒಂದು ತಮಾಷೆಯ ಪದ ಹೊರಬಿತ್ತು.

"ಆಸ್ಟ್ರೇಲಿಯಾ."

ಸುನಂದಾಳ ತುಟಿಯ ತುದಿ ಅಲುಗಿತು. ಅದು ನಗುವಲ್ಲ. ನಗು ಹಿಂದೆ ಅಲ್ಲಿ ವಾಸವಾಗಿತ್ತು ಎಂಬುದರ ಗುರುತು, ಅಷ್ಟೇ. ಅವಳು ಆಸ್ಟ್ರೇಲಿಯಾದ ಒಂದು ಮೂಲೆ ಮುರಿದು ಬಾಯಿಗಿಟ್ಟಳು. ಉಳಿದದ್ದನ್ನು ನೇತ್ರಾಳ ಕೈಗೆ ಕೊಟ್ಟಳು. ಇಬ್ಬರೂ ಕೂಡಿ ಅಗಿದರು.

ಹೊರಡುವ ಹೊತ್ತಿಗೆ ನೇತ್ರಾ ಎದ್ದು, ರೂಢಿಯಂತೆ ಕೈ ಮುಗಿದು, "ಬರ್ತೀನಿ ಅಕ್ಕಾ," ಎಂದುಬಿಟ್ಟಳು.

ಹೆಂಗಸರೆಲ್ಲ ಉಸಿರು ಒಳಗೆಳೆದುಕೊಂಡರು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಎನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ಇದು ಕೊಳ್ಳೇಗಾಲದಲ್ಲೂ ಉಂಟು. ಅವಳಿಗೂ ಗೊತ್ತಿತ್ತು. ನಾಲಿಗೆಗೆ ಮಾತ್ರ ನೆನಪಿರಲಿಲ್ಲ.

'ಅಯ್ಯೋ ದೇವರೇ... ಮತ್ತೆ ಮಾಡಿದೆನಲ್ಲ!'

ಸುನಂದಾ ಅವಳನ್ನು ದಿಟ್ಟಿಸಿ ನೋಡಿದಳು.

"ಅಂದೀಯಲ್ಲ," ಎಂದಳು ಮೆಲ್ಲಗೆ. "ಬರಬೇಕ ಮತ್ತ."

ಅಂದಪ್ಪ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದ. ಎರಡೂ ಕಡೆ ಮಗ್ಗಗಳ ಸದ್ದು. ಮಾತಾಡದಿರಲು ಒಳ್ಳೆಯ ನೆಪ.

"ತಪ್ಪು ನಂದ್ರಿ," ಎಂದ ಅವನೇ ಕಡೆಗೆ. "ಮೊದಲನೇ ದಿನಾನ ಹೇಳಿಬಿಟ್ಟಿದ್ರ ಇಷ್ಟೆಲ್ಲ ಆಗತಿರಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ನೀವು ತಾಟು ಮುಂದ ಮಾಡಿದ್ರಲ್ಲ... ಆ ಮಾರಿ ನೋಡಿ ಇಲ್ಲ ಅನ್ನಾಕ ಮನಸ್ಸ ಬರಲಿಲ್ಲ. ಇಕಿಗೆ ಯಾರೋ ಭಾಳ ಸಲ ಇಲ್ಲ ಅಂದಾರ ಅನಿಸ್ತು."

ಅವಳು ನಡೆಯುವುದನ್ನು ನಿಲ್ಲಿಸಿದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರಿಗೂ!

"ಬಂದ ಮ್ಯಾಲೆ ಒಂದು ಮಾತು ಇದೆ ಅಂದಿದ್ರಿ."

"ಹೂಂ."

"ಏನದು?"

ಅವನು ನೆಲ ನೋಡಿದ. "ನನ್ನ ಪಾಲಿನ ರೊಟ್ಟಿ ಜೀವನಪೂರ್ತಿ ನೀವ ತಿನ್ರಿ ಅಂತ ಕೇಳಾವಿದ್ದೆ."

ಅವಳ ಕಣ್ಣು ತುಂಬಿತು.

"ಈಗ ಕೇಳಂಗಿಲ್ಲರಿ," ಎಂದ ಅವನು. "ಈ ವರ್ಷ ಮನ್ಯಾಗ ಶುಭಕಾರ್ಯ ಆಗೂದಿಲ್ಲ. ಅಕ್ಕನ ಬಿಟ್ಟು ನಾ ಎಲ್ಲೂ ಹೋಗಾಂವಲ್ಲ. ಆಕಿ ಹಿಂಗ ಕುಂತಾಗ ನನ್ನ ಎದಿಯಾಗ ಒಂದ ನಗಿ ಹುಡುಕಿದ್ರೂ ಸಿಗಾಂಗಿಲ್ಲ. ನಿಮಗ ಕೊಡಾಕ ನನ್ನ ಕಡೆ ಏನೂ ಇ..."

"ಇಲ್ಲ ಅನ್ನಬೇಡಿ!"

ಅವನು ಬೆಚ್ಚಿ ತಲೆಯೆತ್ತಿದ.

"ಮತ್ತ ಏನ ಅನ್ಲಿ?"

"ನಿಮ್ಮೂರಲ್ಲಿ ಏನಂತಾರೆ?"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಕಮತಗಿ ಕಮತಗಿ ಎಂದು ಕೂಗುತ್ತಿದ್ದ. ಅಂದಪ್ಪ ಬಸ್ಸಿನ ಕಡೆ ನೋಡಿದ, ಅವಳ ಕಡೆ ತಿರುಗಿದ. ಆಮೇಲೆ, ಆ ಮೊದಲ ದಿನ ಬುಟ್ಟಿ ಹಿಡಿದು ನಿಂತಿದ್ದವನ ಅದೇ ಸಂಕೋಚದಲ್ಲಿ, ಒಡೆದ ದನಿಯಲ್ಲಿ ಹೇಳಿದ.

"ಹೆಚ್ಚಾಗೇತ್ರಿ."

ನೇತ್ರಾ ಎರಡೂ ಅಂಗೈಗಳನ್ನು ಜೋಡಿಸಿ, ತಟ್ಟೆಯಂತೆ, ಅವನ ಮುಂದೆ ಚಾಚಿದಳು.

"ಹಾಗಾದ್ರೆ ಇನ್ನೆರಡು ಹಾಕಿ."